ಬೀಗ ತೆರೆಯುವ ವಿದ್ಯೆ

ಶಿವಮೊಗ್ಗೆಯ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿಗೆ ಸೇರಿದ ಬಂದಳಿಕೆಯು ಈಗ ಬಹುಮಟ್ಟಿಗೆ ಹಾಳೂರು. ಶಾಸನಗಳಲ್ಲಿ ಬಂದಣಿಕೆಯೆಂದೂ ಬಾಂಧವಪುರವೆಂದೂ ಹೆಸರ್ಗೊಂಡ ಈ ಸ್ಥಳವು ಒಂದಾನೊಂದು ಕಾಲದಲ್ಲಿ ನಾಗರಖಂಡ ಎಪ್ಪತ್ತಕ್ಕೆ ಮುಖ್ಯ ಪಟ್ಟಣವಾಗಿತ್ತು; ಜೈನರಿಗೆ ತೀರ್ಥವಾಗಿಯೂ ಇತ್ತು. ಶಾಂತಿನಾಥ ಬಸದಿ, ತ್ರಿಮೂರ್ತಿ ನಾರಾಯಣನ ಗುಡಿ, ಸೋಮೇಶ್ವರನ ಗುಡಿ ಇವುಗಳು ಆ ವೈಭವಕ್ಕೆ ಉಳಿದಿರುವ ಸಾಕ್ಷಿಗಳು. ಸೋಮೇಶ್ವರನ ಗುಡಿಯ ಬಾಗಿಲಿನ ಎರಡು ಪಕ್ಕಗಳಲ್ಲಿಯೂ ಕಲ್ಲಿನ ಜಾಲಂಧ್ರಗಳುಂಟು. ಅವುಗಳಲ್ಲಿ ರಾಮಾಯಣ ಭಾರತಗಳ ಕಥಾಪ್ರಸಂಗಗಳನ್ನು ಶಿಲ್ಪಿಯು ಕಂಡರಿಸಿದ್ದಾನೆ. ಆ ಜಾಲಂಧ್ರದ ರಂಧ್ರಗಳಿಂದ ಬೆಳಕು ಒಳಹೊಗುವುದು, ಗಾಳಿ ಒಳಹೊಗುವುದು, ನೋಡುವವನ ಕಣ್ಣೂ ಒಳಹೊಗುವುದು. ಆದರೆ ಮನುಷ್ಯನು ಒಳಹೊಗಲಾರನು. ಅವನಿಗೆ ಬಾಗಿಲೊಂದೇ ದಾರಿ. ಒಂದು ವಸ್ತುವನ್ನು ತಿಳಿಯುವುದಕ್ಕೂ ಅದನ್ನು ಪ್ರವೇಶಿಸುವುದಕ್ಕೂ ಇರುವ ಭೇದವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಕಲ್ಲು ಬೇರೊಂದಿರಲಾರದು.

ಈ ಭೇದವನ್ನು ಮುಂದಿಟ್ಟುಕೊಂಡು ವಿಚಾರಿಸಬೇಕಾದ ಪ್ರಶ್ನೆಯೊಂದುಂಟು. ಬೀಗದ ಕೈಯಿಲ್ಲದೆ ಬೀಗವನ್ನು ತೆರೆಯುವ ವಿದ್ಯೆಯು ಸದ್ವಿದ್ಯೆಯೋ, ಚೋರವಿದ್ಯೆಯೋ? ಅದನ್ನು ಕಲಿಯಬಹುದೆ? ಕಲಿಸಬಹುದೆ? ಅದಕ್ಕೆ ತಕ್ಕ ಸಾಧನವನ್ನು ಮಾಡಿ ಇನ್ನೊಬ್ಬರ ಕೈಗೆ ಕೊಡಬಹುದೆ? ಮೇಲುನೋಟಕ್ಕೆ ಇದು ಕಮ್ಮಾರನ ಮಾತಾಗಿ ತೋರಿದರೂ ಒಳಹೊಕ್ಕು ನೋಡಿದಲ್ಲಿ ಧರ್ಮದ ಮಾತೇ ಆಗಿದೆ.

ವಿಚಾರವು ಗಾಳಿಯಲ್ಲಿ ತೇಲದಿರುವುದಕ್ಕಾಗಿ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಬಂದಳಿಕೆಯ ಸುತ್ತಿನ ಯಾವುದೋ ಒಂದು ಹಳ್ಳಿಯಲ್ಲಿ ಗೃಹಸ್ಥನೊಬ್ಬನು ತೀರಿಕೊಂಡಿದ್ದಾನೆ. ಅವನ ಕೋಣೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ. ಅದಕ್ಕೆ ಹೊರದೇಶದ ಬೀಗ. ಸಾಮಾನ್ಯವಾದ ಬೀಗದಲ್ಲಿ ಕೈ ಹೋಗುವ ಸಂದು ನೆಟ್ಟಗೆ ಸೀಳಿದಂತಿರುತ್ತದೆ. ಇದರಲ್ಲಿಯಾದರೋ ಬಳೆಯಂತೆ ದುಂಡಾದ ಸಂದು, ನಡುವೆ ಒಂದು ಕಂಬ. ಇದರ ಕೈಯು ಕೊಳವೆಯ ಆಕಾರದ್ದು. ಆ ಕೈ ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ಹಿರಿಯ ಮಗನು ಪೇಟೆಯಿಂದ ಬೀಗದ ಕೆಲಸದವನನ್ನು ಕರೆತರುತ್ತಾನೆ.

ಇಂತಹ ಕೊಳವೆಬೀಗದ ಒಳಗುಟ್ಟು ಹೀಗಿದೆ: ದುಂಡನೆಯ ಸಂದಿನ ತಳದಲ್ಲಿ ಸಾಧಾರಣವಾಗಿ ಏಳು ಕೀಲುಗಳು ವೃತ್ತಾಕಾರವಾಗಿ ನಿಂತಿರುತ್ತವೆ. ಪ್ರತಿಯೊಂದು ಕೀಲೂ ಎರಡು ತುಂಡಾಗಿದ್ದು, ಹಿಂದಿನಿಂದ ಸಣ್ಣ ಸ್ಪ್ರಿಂಗು ಅದನ್ನು ಮುಂದಕ್ಕೆ ತಳ್ಳುತ್ತಿರುತ್ತದೆ. ಕೊಳವೆಯ ತುದಿಯಲ್ಲಿ ಏಳು ಕಚ್ಚುಗಳು. ಒಂದೊಂದರ ಆಳ ಒಂದೊಂದು ಬಗೆ. ಕೈಯನ್ನು ಒತ್ತಿದಾಗ ಏಳು ಕೀಲುಗಳೂ ತಮ್ಮ ತಮ್ಮ ಆಳಕ್ಕೆ ಸರಿದು, ಎರಡು ತುಂಡುಗಳ ಸಂಧಿಯು ಒಂದೇ ರೇಖೆಗೆ ಬಂದರೆ ಬೀಗ ತಿರುಗುವುದು. ಒಂದು ಕೀಲು ಕೂದಲೆಳೆಯಷ್ಟು ತಪ್ಪಿದರೂ ತಿರುಗದು. ಕೈಯಿಲ್ಲದೆ ಕಡ್ಡಿಯಿಂದ ಒಂದೊಂದನ್ನೇ ಸರಿಪಡಿಸಿ ತಿರುಗಿಸಿದರೂ ಕೆಲಸ ಮುಗಿಯದು. ಬೀಗವು ಏಳನೆಯ ಒಂದು ಪಾಲು ತಿರುಗಿದೊಡನೆ ಕೀಲುಗಳು ಪಕ್ಕದ ಕುಳಿಗಳಿಗೆ ಬಿದ್ದು ಮತ್ತೆ ಹಿಡಿದುಕೊಳ್ಳುತ್ತವೆ. ಹೀಗೆ ಒಂದೇ ಬೀಗವನ್ನು ಏಳು ಸಲ ತೆರೆಯಬೇಕಾಗುವುದು.

ಆದಕಾರಣ ಇದಕ್ಕೆಂದೇ ಒಂದು ಸಾಧನವನ್ನು ಮಾಡಿದ್ದಾರೆ. ಅದೂ ಕೊಳವೆಯೇ, ಅದರ ಸುತ್ತ ಏಳು ತೆಳ್ಳನೆಯ ಸಲಾಕೆಗಳು ಹಿಂದೆ ಮುಂದೆ ಜಾರುವಂತೆ ಇರುತ್ತವೆ. ಸಾಧನವನ್ನು ಬೀಗದಲ್ಲಿಟ್ಟು ಮೆಲ್ಲನೆ ಒತ್ತಿ, ಮೆಲ್ಲನೆ ಅತ್ತಿತ್ತ ತಿರುವಿದರೆ, ಒಂದೊಂದು ಸಲಾಕೆಯೂ ತನ್ನೆದುರಿನ ಕೀಲಿನ ಆಳವನ್ನು ತಾನಾಗಿ ಕಂಡುಕೊಂಡು ಅಲ್ಲಿಯೇ ನಿಲ್ಲುತ್ತದೆ. ಎಲ್ಲವೂ ನಿಂತಾಗ ಆ ಸಾಧನವೇ ಬೀಗದ ಕೈಯಾಗಿ ಪರಿಣಮಿಸುವುದು. ಇದರಲ್ಲಿ ಬಲಾತ್ಕಾರವಿಲ್ಲ. ಬೀಗವು ತನ್ನ ರಹಸ್ಯವನ್ನು ತಾನೇ ಹೇಳುತ್ತದೆ. ಸಾಧನವು ಅದನ್ನು ಕೇಳಿಕೊಳ್ಳುತ್ತದೆ. ಕಲ್ಪಿತ ಸಂದರ್ಭದ ಬೀಗಕ್ಕೆ ಏಳರ ಬದಲು ಎಂಟು ಕೀಲುಗಳಿವೆಯೆಂದೂ, ನಡುಗಂಬವು ಸಾಮಾನ್ಯಕ್ಕಿಂತ ದಪ್ಪವೆಂದೂ ಇಟ್ಟುಕೊಳ್ಳೋಣ. ಕೆಲಸದವನ ಬಳಿಯಲ್ಲಿರುವ ಸಾಧನ ಅದಕ್ಕೆ ಕೂರದು. ಅವನು ಹಲವು ದಿನ ಹುಡುಕಿ, ಕೊನೆಗೆ ಅಳತೆಗೆ ಸರಿಯಾದ ಸಾಧನವೊಂದನ್ನು ಸಂಪಾದಿಸುತ್ತಾನೆ. ಪೆಟ್ಟಿಗೆಯ ಮುಂದೆ ಕುಳಿತು, ಸಾಧನವನ್ನು ಕೈಯಲ್ಲಿ ಹಿಡಿದು, ಅವನು ಒಂದು ಮಾತು ಕೇಳುತ್ತಾನೆ: “ಯಜಮಾನರಿಗೆ ಬೇರೆ ಮಕ್ಕಳಿಲ್ಲವೆ, ಸ್ವಾಮಿ?” ಮಗನು ಸ್ವಲ್ಪ ತಡೆದು ಹೇಳುತ್ತಾನೆ: “ತಂಗಿಯೊಬ್ಬಳಿದ್ದಾಳೆ, ಸೊರಬದ ಕಡೆ ಕೊಟ್ಟಿದೆ. ಅವಳಿಗೆ ಇದರ ಗೊಡವೆಯೇನು?”

ಪ್ರಶ್ನೆಯೆಲ್ಲ ಇಲ್ಲಿಂದ ಆರಂಭವಾಗುತ್ತದೆ.

ಒಂದು ಪಕ್ಷದವರು ಹೇಳುವರು: ವಿದ್ಯೆಗೆ ದೋಷವಿಲ್ಲ, ದೋಷವೆಲ್ಲ ಅದನ್ನು ಬಳಸುವವನಿಗೆ ಸೇರಿದ್ದು. ಕತ್ತಿಯನ್ನು ಮಾಡಿದ ಕಮ್ಮಾರನು ಕೊಲೆಗಾರನಲ್ಲ. ಕೆಲಸದವನು ಕೂಲಿಗೆ ಬಂದವನು. ಬೀಗ ತೆಗೆದು ಕೂಲಿ ಪಡೆದು ಹೋಗುವುದು ಅವನ ಕೆಲಸ. ಅಣ್ಣತಂಗಿಯರ ವ್ಯಾಜ್ಯ ಅವನಿಗೇಕೆ?

ಇನ್ನೊಂದು ಪಕ್ಷದವರು ಹೇಳುವರು: ಇಂತಹ ವಿದ್ಯೆಯು ಇರುವುದೇ ಅನರ್ಥ. ಬೀಗವೆಂಬುದು ಜನರ ನೆಮ್ಮದಿ. ಅದನ್ನು ತೆರೆಯುವ ಉಪಾಯವನ್ನು ಒಬ್ಬನು ಹತ್ತು ಜನಕ್ಕೆ ಹೇಳಿದರೆ ಆ ಹತ್ತರಲ್ಲಿ ಒಬ್ಬನಾದರೂ ಕಳ್ಳನಿರುವನು. ಆದಕಾರಣ ಇದನ್ನು ಗುಟ್ಟಾಗಿಡಬೇಕು, ಸಾಧ್ಯವಾದರೆ ಮರೆಯಬೇಕು.

ಎರಡನೆಯ ಪಕ್ಷವನ್ನು ಮೊದಲು ಪರೀಕ್ಷಿಸಬಹುದು. ಇದಕ್ಕೆ ಇತಿಹಾಸವೇ ಉತ್ತರ ಕೊಟ್ಟಿದೆ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಎಂಬವನು 1784ರಲ್ಲಿ ಹೊಸ ಬಗೆಯ ಬೀಗವೊಂದಕ್ಕೆ ಸನ್ನದು ಪಡೆದನು. ಅದರ ಕೈಯೂ ಕೊಳವೆಯ ಆಕಾರದ್ದೇ, ತುದಿಯಲ್ಲಿ ಕಚ್ಚುಗಳುಳ್ಳದ್ದೇ. ಇದನ್ನು ತೆರೆಯಬಲ್ಲ ಸಾಧನವನ್ನು ಮಾಡಿದವರಿಗೆ 200 ಗಿನಿಗಳ ಬಹುಮಾನವೆಂದು ಬರೆದ ಬೀಗವೊಂದು ಲಂಡನ್ನಿನ ಪಿಕಡಿಲಿಯ ಅಂಗಡಿಯ ಕಿಟಕಿಯಲ್ಲಿ ಅರುವತ್ತು ವರ್ಷಕ್ಕೂ ಮೇಲ್ಪಟ್ಟು ಯಾರಿಗೂ ಸೋಲದೆ ಇತ್ತು. 1851ರ ಮಹಾಪ್ರದರ್ಶನದ ವರ್ಷದಲ್ಲಿ ಅಮೆರಿಕದ ಆಲ್‌ಫ್ರೆಡ್ ಚಾರ್ಲ್ಸ್ ಹಾಬ್ಸ್ ಎಂಬವನು ಬಂದು, ಮೊದಲು ಚಬ್ ಎಂಬ ಹೆಸರಾಂತ ಬೀಗವನ್ನು ಅರ್ಧಗಂಟೆಯೊಳಗೆ ತೆರೆದನು. ಅನಂತರ ಬ್ರಾಮಾ ಬೀಗಕ್ಕೆ ಕೈಯಿಟ್ಟನು. ಅದಕ್ಕೆ ತಕ್ಕ ಸಾಧನಗಳನ್ನು ತಾನೇ ಸಿದ್ಧಪಡಿಸಿಕೊಂಡು, ಹದಿನಾರು ದಿನಗಳ ಅವಧಿಯಲ್ಲಿ ಒಟ್ಟು 51 ಗಂಟೆಗಳ ಕಾಲ ದುಡಿದು, ಅದನ್ನೂ ತೆರೆದನು. ಇದೆಲ್ಲವೂ ಮಾಲಿಕರ ಒಪ್ಪಿಗೆಯಿಂದ, ಮಧ್ಯಸ್ಥರ ಎದುರಿನಲ್ಲಿ ನಡೆದ ಕಾರ್ಯ.

ಆ ಊರಿನಲ್ಲಿ ಆಗ ದೊಡ್ಡ ಕೋಲಾಹಲವಾಯಿತು. ಇಂತಹ ವಿಷಯವನ್ನು ಬಯಲುಮಾಡುವುದು ಕಳ್ಳರಿಗೆ ಪಾಠ ಹೇಳಿದಂತಲ್ಲವೆ, ಎಂದು ಅನೇಕರು ಕೇಳಿದರು. ಹಾಬ್ಸನ ಕಡೆಯವರು ಕೊಟ್ಟ ಸಮಾಧಾನವೇನೆಂದರೆ: ಕಳ್ಳರಿಗೆ ತಮ್ಮ ಕಸಬು ಮೊದಲೇ ಗೊತ್ತು, ಗೊತ್ತಿಲ್ಲದವರು ಬೀಗವನ್ನು ನಂಬಿ ನಿದ್ದೆಹೋಗುವ ಸಾಧುಗಳು ಮಾತ್ರ. ಈ ಮಾತಿನ ಸತ್ಯತೆಯು 2004ರಲ್ಲಿ ಮತ್ತೊಮ್ಮೆ ಕಂಡುಬಂದಿತು. ಅಮೆರಿಕದ ಕ್ರಿಪ್ಟೊನೈಟ್ ಎಂಬ ಸಂಸ್ಥೆಯ ಸೈಕಲ್ ಬೀಗಗಳು ಕೊಳವೆಬೀಗಗಳಾಗಿದ್ದವು. ಬರೆಯುವ ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಯನ್ನು ಒತ್ತಿ ತಿರುವಿದರೆ ಅವು ತೆರೆದುಕೊಳ್ಳುವುವೆಂಬುದು ಆ ವರ್ಷ ಜಗಜ್ಜಾಹೀರಾಯಿತು. ಮೃದುವಾದ ಪ್ಲಾಸ್ಟಿಕ್ಕಿನಲ್ಲಿ ಕೀಲುಗಳು ತಮ್ಮ ಕಚ್ಚನ್ನು ತಾವೇ ಒತ್ತಿಕೊಳ್ಳುತ್ತಿದ್ದವು. ಸಂಸ್ಥೆಯು ಬೀಗಗಳನ್ನು ಬದಲಾಯಿಸಿ ಕೊಡಬೇಕಾಯಿತು. ವಿಚಿತ್ರವೇನೆಂದರೆ ಇದೇ ಸಂಗತಿಯು ಹನ್ನೆರಡು ವರ್ಷ ಹಿಂದೆ, 1992ರಲ್ಲಿಯೇ, ಬ್ರಿಟನ್ನಿನ ಸೈಕಲ್ ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು. ಹೆಚ್ಚು ಜನ ಗಮನಿಸಿರಲಿಲ್ಲ. ಆ ಹನ್ನೆರಡು ವರ್ಷ ಬೀಗ ಕೊಂಡವರಿಗೆ ಈ ಅಜ್ಞಾನದಿಂದಾದ ಉಪಕಾರವೇನು? ಆದಕಾರಣ, ದೋಷವನ್ನು ಮುಚ್ಚಿಡುವುದರಿಂದ ಬೀಗವು ಗಟ್ಟಿಯಾಗುವುದೆಂಬ ವಾದವು ನಿಲ್ಲಲಾರದು. ಆದರೂ ಆ ಪಕ್ಷದಲ್ಲಿ ಒಂದಂಶ ಸತ್ಯವುಂಟು. ದೋಷವನ್ನು ಕಂಡವನು ಅದನ್ನು ಮೊದಲು ಬೀಗ ಮಾಡಿದವನಿಗೂ ಬೀಗ ಹಾಕಿದವನಿಗೂ ತಿಳಿಸಿ, ತಿದ್ದಿಕೊಳ್ಳಲು ಅವಕಾಶ ಕೊಟ್ಟು, ಆಮೇಲೆ ಲೋಕಕ್ಕೆ ಹೇಳುವುದು ನ್ಯಾಯ. ಮನೆಗೆ ಬೆಂಕಿ ಬಿದ್ದುದನ್ನು ಕಂಡವನು ಮೊದಲು ಮನೆಯವರನ್ನು ಕೂಗಬೇಕೇ ಹೊರತು ಸಂತೆಯನ್ನಲ್ಲ.

ಇನ್ನು ಮೊದಲನೆಯ ಪಕ್ಷ: ವಿದ್ಯೆಗೆ ದೋಷವಿಲ್ಲ, ಕೂಲಿಯವನಿಗೆ ಹೊಣೆಯಿಲ್ಲ, ಎಂಬುದು. ಈ ವಿಷಯದಲ್ಲಿ ಕನ್ನಡ ನಾಡಿನೊಡನೆ ಸಂಬಂಧಪಟ್ಟ ಇಬ್ಬರು ಆಚಾರ್ಯರ ವ್ಯಾಖ್ಯಾನಗಳು ಉಪಕಾರಕವಾಗಿವೆ.

ಜೈನರ ತತ್ತ್ವಾರ್ಥಸೂತ್ರವು ಕಳವೆಂದರೆ ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೆಂದು ಲಕ್ಷಣ ಹೇಳುತ್ತದೆ. ಈ ಲಕ್ಷಣದಲ್ಲಿ ಬೀಗದ ಸುದ್ದಿಯೇ ಇಲ್ಲವೆಂಬುದನ್ನು ಗಮನಿಸಬೇಕು. ತೆರೆದ ಬಾಗಿಲಿನಿಂದ ಒಳಹೊಕ್ಕು ತೆಗೆದುಕೊಂಡರೂ ಕೊಡದೆ ಇದ್ದುದಾದರೆ ಕಳವೇ. ಏಳು ಬೀಗಗಳನ್ನು ತೆರೆದು ತೆಗೆದುಕೊಂಡರೂ ಒಡೆಯನು ಕೊಟ್ಟದ್ದಾದರೆ ಕಳವಲ್ಲ. ಬೀಗವೆಂಬುದು “ಇದನ್ನು ನಿನಗೆ ಕೊಟ್ಟಿಲ್ಲ” ಎಂದು ಕಬ್ಬಿಣದಲ್ಲಿ ಬರೆದ ಒಂದು ವಾಕ್ಯ, ಅಷ್ಟೆ. ಆ ವಾಕ್ಯವನ್ನು ಅಳಿಸುವ ಅಧಿಕಾರ ಬರೆದವನಿಗೂ ಅವನ ಹಕ್ಕನ್ನು ಪಡೆದವರಿಗೂ ಉಂಟು. ಅದೇ ಸೂತ್ರವು ಅಚೌರ್ಯವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಸ್ತೇನಪ್ರಯೋಗವನ್ನು ಮೊದಲು ಹೇಳುತ್ತದೆ. ಸರ್ವಾರ್ಥಸಿದ್ಧಿಯನ್ನು ಬರೆದ ಪೂಜ್ಯಪಾದಾಚಾರ್ಯನು ಇದಕ್ಕೆ ಮೂರು ಬಗೆಗಳನ್ನು ವಿವರಿಸಿದ್ದಾನೆ: ಕದಿಯುವವನನ್ನು ತಾನೇ ತೊಡಗಿಸುವುದು, ಬೇರೊಬ್ಬನಿಂದ ತೊಡಗಿಸುವುದು, ತೊಡಗಿದವನನ್ನು ಅನುಮೋದಿಸುವುದು. ಕೈ ಮುಟ್ಟದವನಿಗೂ ಕಳವಿನ ಮಲಿನತೆ ತಟ್ಟಬಹುದೆಂದು ಇದರಿಂದ ಸಿದ್ಧವಾಗುತ್ತದೆ.

ಯಾಜ್ಞವಲ್ಕ್ಯ ಸ್ಮೃತಿಯು ಇನ್ನೂ ಬಿಚ್ಚಿ ಹೇಳಿದೆ. ಕಳ್ಳನಿಗಾಗಲಿ ಕೊಲೆಗಾರನಿಗಾಗಲಿ ಅನ್ನ, ವಸತಿ, ಬೆಂಕಿ, ನೀರು, ಉಪದೇಶ, ಉಪಕರಣ, ಖರ್ಚಿನ ಹಣ ಇವುಗಳನ್ನು ತಿಳಿದು ತಿಳಿದು ಕೊಟ್ಟವನಿಗೆ ಅದು ಅತ್ಯಧಿಕವಾದ ದಂಡವನ್ನು ವಿಧಿಸುತ್ತದೆ. ಉಪದೇಶವೂ ಉಪಕರಣವೂ ಅನ್ನದ ಸಾಲಿನಲ್ಲಿಯೇ ಸೇರಿದುವೆಂಬುದೂ, ಶಿಕ್ಷೆಯೆಲ್ಲ “ತಿಳಿದು” ಎಂಬ ಒಂದು ವಿಶೇಷಣದ ಮೇಲೆ ನಿಂತಿದೆಯೆಂಬುದೂ ಮುಖ್ಯವಾದ ಅಂಶಗಳು. ಈ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ನಾಗರಖಂಡವೂ ಆಗ ಆ ದೊರೆಯ ಆಳ್ವಿಕೆಗೆ ಒಳಪಟ್ಟಿತ್ತು. ಅನ್ನ ಕೊಡುವುದು ಪುಣ್ಯ. ತಿಳಿದು ಕಳ್ಳನಿಗೆ ಕೊಟ್ಟರೆ ಅಪರಾಧ. ವಿದ್ಯೆಯೂ ಹಾಗೆಯೇ. ಅದಕ್ಕೆ ಸ್ವತಃ ಪುಣ್ಯಪಾಪಗಳಿಲ್ಲದಿದ್ದರೂ, ಕೊಡುವವನ ತಿಳಿವಳಿಕೆಗೆ ಉಂಟು. ಕೆಲಸದವನು ಕೇಳದೆಯೇ ತೆರೆದಿದ್ದರೆ ಅವನು ಅಜ್ಞನು. ಕೇಳಿ, ಉತ್ತರವನ್ನೂ ಪಡೆದ ಮೇಲೆ ಅವನಿಗೆ ಅಜ್ಞಾನದ ಆಶ್ರಯವಿಲ್ಲ. ಹಾಗಾದರೆ ಕೇಳದಿರುವುದೇ ಜಾಣತನವಲ್ಲವೆ, ಎಂದು ಯಾರಾದರೂ ಆಕ್ಷೇಪಿಸಬಹುದು. ತಿಳಿಯಬಹುದಾದ್ದನ್ನು ತಿಳಿಯಬಾರದೆಂದು ಕಣ್ಣು ಮುಚ್ಚಿಕೊಂಡವನು ಕಂಡವನಿಗಿಂತ ಹೆಚ್ಚು ಕಂಡಿರುತ್ತಾನೆ. ಕಾಣದಿದ್ದರೆ ಅವನು ಕಣ್ಣನ್ನೇಕೆ ಮುಚ್ಚಬೇಕು?

ಬೀಗದ ಆಚೆಗೆ ಇರುವುದು ಯಾರದೆಂದು ತೆರೆಯುವವನಿಗೆ ತಿಳಿದಿರುವುದಿಲ್ಲವೆಂಬ ಸಂಗತಿಯನ್ನು ಶೂದ್ರಕನ ಮೃಚ್ಛಕಟಿಕವು ಮನಸ್ಸಿಗೆ ನಾಟುವಂತೆ ತೋರಿಸಿದೆ. ಶರ್ವಿಲಕನು ಬ್ರಾಹ್ಮಣ, ಕನ್ನ ಕೊರೆಯುವುದರಲ್ಲಿ ಶಾಸ್ತ್ರೋಕ್ತವಾಗಿ ಶಿಕ್ಷಿತನಾದವನು. ಚಾರುದತ್ತನ ಗೋಡೆಯ ಬಳಿ ನಿಂತಾಗ ಅಳತೆಯ ದಾರವನ್ನು ಮರೆತು ಬಂದಿರುವುದು ಅವನ ನೆನಪಿಗೆ ಬರುತ್ತದೆ. ಒಡನೆಯೇ ಯಜ್ಞೋಪವೀತವನ್ನು ತೆಗೆದು ಅದರಿಂದಲೇ ಅಳೆಯುತ್ತಾನೆ. ಯಂತ್ರದಿಂದ ಬಿಗಿದ ಬಾಗಿಲನ್ನು ತೆರೆಯುವುದಕ್ಕೂ ಅದು ಒದಗುವುದೆಂದು ಹೊಗಳಿಕೊಳ್ಳುತ್ತಾನೆ. ತಕ್ಕ ಸಾಧನವನ್ನು ಹುಡುಕುವ ಬುದ್ಧಿಯು ಇಲ್ಲಿ ಎಷ್ಟು ಚುರುಕು, ಎಷ್ಟು ಕುರುಡು! ದಂಡಿಯ ದಶಕುಮಾರಚರಿತದ ಅಪಹಾರವರ್ಮನೂ ಇದೇ ಶಾಲೆಯವನು; ಫಣಿಮುಖ, ಕಾಕಲಿ, ಸಂದಂಶಕ, ಮಾನಸೂತ್ರ, ಕರ್ಕಟಕ ಮೊದಲಾದ ಉಪಕರಣಗಳ ಜೊತೆಗೆ, ದೀಪವನ್ನು ಆರಿಸುವುದಕ್ಕೆ ಹುಳುಗಳ ಕರಂಡಕವನ್ನೂ ಕೊಂಡೊಯ್ಯುವಷ್ಟು ಪೂರ್ಣವಾದ ಸಿದ್ಧತೆ ಅವನದು. ಸಾಧನದ ವಿಷಯದಲ್ಲಿ ಇವರಿಗೆ ಯಾರೂ ಸಮರಲ್ಲ.

ಶರ್ವಿಲಕನ ಉದ್ದೇಶವೂ ಕೇವಲ ಲೋಭವಲ್ಲ. ದಾಸಿಯಾಗಿರುವ ಮದನಿಕೆಯನ್ನು ಬಿಡಿಸಿಕೊಳ್ಳುವುದಕ್ಕೆ ಅವನಿಗೆ ಹಣ ಬೇಕು. ಅವನಿಗೆ ನೇಮಗಳೂ ಉಂಟು. ಇಂಥವರ ಸೊತ್ತನ್ನು ಮುಟ್ಟಬಾರದೆಂಬ ಪಟ್ಟಿಯೂ ಉಂಟು. ಆದರೆ ಅವನು ಕದ್ದದ್ದು ಚಾರುದತ್ತನ ಸೊತ್ತಲ್ಲ. ವಸಂತಸೇನೆಯು ನಂಬಿ ಇಟ್ಟಿದ್ದ ನ್ಯಾಸ. ಬಡವನಾದ ಚಾರುದತ್ತನಿಗೆ ಒಡವೆ ಹೋದುದಕ್ಕಿಂತ, ಇಟ್ಟ ಗಂಟನ್ನು ತಾನೇ ನುಂಗಿದನೆಂದು ಲೋಕ ಆಡಿಕೊಳ್ಳುವುದೇ ದೊಡ್ಡ ದುಃಖ. ಕೊನೆಗೆ ಆ ನ್ಯಾಸಕ್ಕೆ ಪ್ರತಿಯಾಗಿ ತನ್ನ ರತ್ನಹಾರವನ್ನು ಕೊಟ್ಟವಳು ಮನೆಯೊಳಗಿನ ಹೆಂಡತಿ ಧೂತೆ. ಕನ್ನ ಕೊರೆಯುವಾಗ ಶರ್ವಿಲಕನ ಪಟ್ಟಿಯಲ್ಲಿ ಆ ಹೆಣ್ಣುಮಗಳ ಹೆಸರೇ ಇರಲಿಲ್ಲ. ಅವನ ಜಾಣ್ಮೆಯ ಬೆಲೆಯನ್ನು ತೆತ್ತವಳು ಅವನು ಕಾಣದವಳು. ಅನಧಿಕಾರಿಯಾಗಿ ತೆರೆಯುವುದರ ಕ್ರೌರ್ಯವೆಲ್ಲ ಇಷ್ಟರಲ್ಲಿ ಅಡಗಿದೆ: ನಷ್ಟವು ಯಾರ ಮೇಲೆ ಬೀಳುವುದೆಂಬುದು ತೆರೆಯುವವನ ಕಣ್ಣಿಗೆ ಬೀಳುವುದಿಲ್ಲ.

ಸೊರಬದ ಕಡೆ ಕೊಟ್ಟ ತಂಗಿಯ ಮಾತಿಗೆ ಈಗ ಹಿಂದಿರುಗಬಹುದು. ಅಣ್ಣನು ಕಳ್ಳನಲ್ಲ. ಪೆಟ್ಟಿಗೆ ತನ್ನ ತಂದೆಯದು, ತಾನು ಮಗ, ಎಂಬ ಅವನ ಮಾತು ಸುಳ್ಳೂ ಅಲ್ಲ. ಆದರೆ ಅದು ಅರ್ಧಸತ್ಯ. ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಸ್ವತ್ವವುಂಟೆಂದು ಸ್ಥಾಪಿಸಿದ ಗ್ರಂಥ ಮಿತಾಕ್ಷರವೇ. ಆ ಮಿತಾಕ್ಷರದ ಕುಟುಂಬದಲ್ಲಿ ಮಗಳೂ ಮಗನಂತೆ ಹುಟ್ಟಿನಿಂದಲೇ ಸಮಾನಳಾದ ದಾಯಾದಿಯೆಂದು 2005ರಲ್ಲಿ ತಿದ್ದುಪಡಿಯಾದ ಹಿಂದೂ ಉತ್ತರಾಧಿಕಾರ ಶಾಸನವು ವಿಧಿಸಿದೆ. ಹಾಗಿರುವಲ್ಲಿ ಆ ಬೀಗದ ವಾಕ್ಯವನ್ನು ಅಳಿಸುವ ಹಕ್ಕು ಅಣ್ಣನೊಬ್ಬನದಲ್ಲ. ಅವನು ಒಂದು ಬಿಲ್ಲೆಯನ್ನೂ ತೆಗೆಯದಿರಬಹುದು. ಆದರೂ ಏಕಾಂತದಲ್ಲಿ ತೆರೆದ ಪೆಟ್ಟಿಗೆಯು ಮುಂದೆ ಎಂದೆಂದಿಗೂ ಸಂಶಯದ ಪೆಟ್ಟಿಗೆಯಾಗಿಯೇ ಉಳಿಯುವುದು. ಅದರಲ್ಲಿ ಇಷ್ಟೇ ಇತ್ತೆಂದು ಅವನು ದೇವರ ಮುಂದೆ ಆಣೆಯಿಟ್ಟರೂ ತಂಗಿಯ ಮನಸ್ಸಿನ ಒಂದು ಕೀಲು ಕೂರದೆ ಉಳಿಯುವುದು. ಮುರಿದ ಬೀಗಕ್ಕೆ ಬದಲು ಬೀಗ ಸಿಕ್ಕೀತು. ಒಡಹುಟ್ಟಿದವರ ನಂಬಿಕೆ ಮುರಿದರೆ ಬದಲು ಎಲ್ಲಿ ಸಿಕ್ಕೀತು?

ಹೀಗೆ ವಿಚಾರಿಸಿದಲ್ಲಿ ಸಿದ್ಧಾಂತವು ಈ ರೀತಿಯಾಗಿ ನಿಲ್ಲುತ್ತದೆ. ಬೀಗ ತೆರೆಯುವ ವಿದ್ಯೆಯು ಸದ್ವಿದ್ಯೆಯಾಗಬೇಕಾದರೆ ತಕ್ಕ ಸಾಧನದ ಜೊತೆಗೆ ಮೂರು ಅಂಗಗಳು ಕೂಡಿರಬೇಕು. ಮೊದಲನೆಯದು ಸ್ವಾಮ್ಯ: ಹಕ್ಕುಳ್ಳವರೆಲ್ಲರ ಒಪ್ಪಿಗೆ. ಎರಡನೆಯದು ಸಾಕ್ಷಿ: ತೆರೆಯುವ ಕಾರ್ಯವು ನಾಲ್ವರು ಕಾಣುವಂತೆ ನಡೆಯುವುದು. ಮೂರನೆಯದು ಮಿತಿ: ತೆರೆಯುವುದಕ್ಕೆ ಬಂದವನು ತೆರೆದು ಹಿಂದೆ ಸರಿಯುವುದು, ಕಂಡುದನ್ನು ಹೊರಗೆ ಆಡದಿರುವುದು, ಒಮ್ಮೆ ತಿಳಿದ ಆಳವನ್ನು ಇನ್ನೊಮ್ಮೆ ತನ್ನ ಲಾಭಕ್ಕೆ ಬಳಸದಿರುವುದು. ಪುರಿಯ ಜಗನ್ನಾಥ ದೇವಾಲಯದ ರತ್ನಭಂಡಾರದ ವೃತ್ತಾಂತವು ಇದಕ್ಕೆ ದೃಷ್ಟಾಂತವಾಗಬಲ್ಲುದು. ಒಳಭಂಡಾರದ ಬೀಗದ ಕೈ ಕಾಣದಾಗಿದೆಯೆಂದು 2018ರಲ್ಲಿ ದೊಡ್ಡ ಸುದ್ದಿಯಾಯಿತು. 2024ರ ಜುಲೈ 14ರಂದು ಭಂಡಾರವನ್ನು ತೆರೆದಾಗ, ಇದ್ದ ಕೈಗಳಿಂದ ಒಳಭಂಡಾರದ ಬೀಗಗಳು ತೆರೆಯದೆ, ಮ್ಯಾಜಿಸ್ಟ್ರೇಟರ ಎದುರಿನಲ್ಲಿ ಅವುಗಳನ್ನು ಒಡೆದು, ಮತ್ತೆ ಹೊಸ ಬೀಗ ಹಾಕಿ ಮುದ್ರೆಯೊತ್ತಿದರು. ಒಡೆದದ್ದು ನಿಜ, ಆದರೂ ಅದು ಕಳವಲ್ಲ. ಇತ್ತ ನಾಡಿನ ಅನೇಕ ಹಾಳುಗುಡಿಗಳಲ್ಲಿ ಬೀಗವೂ ಇಲ್ಲ, ಬಾಗಿಲೂ ಇಲ್ಲ. ನಿಧಿಯಾಸೆಯಿಂದ ನಡುರಾತ್ರಿಯಲ್ಲಿ ಪೀಠವನ್ನು ಅಗೆಯುವವನು ಯಾವ ಬೀಗವನ್ನೂ ಮುರಿಯುವುದಿಲ್ಲ. ಆದರೂ ಅದು ಕಳವೇ. ಸಾಧನದ ನಯವೂ ಒರಟೂ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ವಿದ್ಯೆಯನ್ನು ಕಲಿಸುವ ವಿಷಯದಲ್ಲಿಯೂ ಇದೇ ನ್ಯಾಯ. ಕಲಿಸುವವನು ಶಿಷ್ಯನ ಕೈಯ ಚುರುಕನ್ನು ನೋಡುವುದಕ್ಕಿಂತ ಮೊದಲು ಅವನು ಪ್ರಶ್ನೆ ಕೇಳಬಲ್ಲನೇ ಎಂಬುದನ್ನು ನೋಡಬೇಕು. “ಇದನ್ನು ಹೇಗೆ ತೆರೆಯುವುದು?” ಎಂದು ಕೇಳುವವರು ಬಹುಮಂದಿ, “ಇದು ಯಾರದು?” ಎಂದು ಮೊದಲು ಕೇಳುವವನೇ ಆ ವಿದ್ಯೆಗೆ ಅಧಿಕಾರಿ.

ಬಂದಳಿಕೆಯ ಶಾಸನವೊಂದರಲ್ಲಿ ಜಕ್ಕಿಯಬ್ಬೆಯ ವೃತ್ತಾಂತ ಬಂದಿದೆ. ರಾಷ್ಟ್ರಕೂಟರ ಕಾಲದಲ್ಲಿ, 10ನೆಯ ಶತಮಾನದ ಆದಿಭಾಗದಲ್ಲಿ, ನಾಗರಖಂಡದ ನಾಳ್ಗಾವುಂಡನಾಗಿದ್ದ ನಾಗಾರ್ಜುನನು ಮಡಿಯಲು, ಅವನ ಹೆಂಡತಿಯಾದ ಈಕೆಗೆ ಅರಸನು ಆ ಅಧಿಕಾರವನ್ನು ಕೊಟ್ಟನು. ಆಕೆ ನಾಡನ್ನು ಸಮರ್ಥಳಾಗಿ ಆಳಿದಳು. ದೇಹದಲ್ಲಿ ರೋಗ ತಲೆದೋರಿದಾಗ ಸಂಸಾರದ ಅಸ್ಥಿರತೆಯನ್ನು ತಿಳಿದು, ಮಗಳನ್ನು ಕರೆಯಿಸಿ, ತನ್ನ ಹೊಣೆಯನ್ನೆಲ್ಲ ಅವಳಿಗೆ ಒಪ್ಪಿಸಿ, ಬಂದಣಿಕೆಯ ತೀರ್ಥಕ್ಕೆ ಬಂದು ಬಸದಿಯಲ್ಲಿ ವ್ರತದಿಂದ ದೇಹವನ್ನು ಬಿಟ್ಟಳು. ಸಾವಿರದ ನೂರು ವರ್ಷಗಳ ಹಿಂದಿನ ಆ ತಾಯಿಯು ಬೀಗದ ಕೈ ಎಲ್ಲಿಯೆಂದು ಯಾರೂ ಹುಡುಕಬೇಕಾಗದಂತೆ, ತಾನಿನ್ನೂ ಕಣ್ಣು ತೆರೆದಿರುವಾಗಲೇ, ಕೊಡಬೇಕಾದವಳ ಕೈಗೆ ಕೊಡಬೇಕಾದುದನ್ನು ಕೊಟ್ಟು ನಿಶ್ಚಿಂತೆಯಾದಳು. ಗೃಹಸ್ಥರು ಕಲಿಯಬೇಕಾದ ವಿದ್ಯೆಯೆಂದರೆ ಇದು. ಇದನ್ನು ಕಲಿತ ಮನೆಯಲ್ಲಿ ಬೀಗದ ಕೆಲಸದವನಿಗೆ ಕೆಲಸವಿರುವುದಿಲ್ಲ.

ಕಲ್ಪಿತವಾದ ಆ ಮನೆಯಲ್ಲಿ ಹಾಗಾಗಿರಲಿಲ್ಲ. ಅಲ್ಲಿ ಕೆಲಸದವನು ಏನು ಮಾಡಬೇಕೆಂಬುದು ಈಗ ಸ್ಪಷ್ಟ. ಸಾಧನವನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು, “ತಂಗಿಯವರನ್ನು ಕರೆಸಿ ಸ್ವಾಮಿ, ಅವರು ಬಂದ ದಿನ ನಾನೂ ಬರುತ್ತೇನೆ,” ಎಂದು ಹೇಳಿ ಅವನು ಏಳಬೇಕು. ಅಂದಿನ ಕೂಲಿ ಹೋದೀತು. ಆದರೆ ಅಪರೂಪವಾದ ಆ ಬೀಗಕ್ಕೆ ಸರಿಯಾದ ಸಾಧನವನ್ನು ಅವನು ಪೂರ್ತಿಯಾಗಿ ಹೊಂದಿದ್ದಾನೆಂದು ಅಂದೇ ಹೇಳಬಹುದು.